ಚಿಕ್ಕಮ್ಮನ ಎರಡನೆಯ ಹೆಸರು

ನಮ್ಮ ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಹೆಸರು. ಅದರ ಹಿಂದೆ ಊರಿಲ್ಲ, ಮುಂದೆ ಮನೆತನವಿಲ್ಲ. ಹಿರಿಯೂರು ಸುತ್ತಿನ ಕುರಿಗಾರರ ಮನೆಗಳಲ್ಲಿ ಅವಳ ವಯಸ್ಸಿನ ಹೆಂಗಸರಿಗೆಲ್ಲ ಹೀಗೇ. ರೇಷನ್ ಕಾರ್ಡಿನಲ್ಲೂ ಆಧಾರಿನಲ್ಲೂ ಮೂರೇ ಅಕ್ಷರ. ಅಷ್ಟರಲ್ಲೇ ಅವಳ ಐವತ್ತೈದು ವರ್ಷ ಸರಾಗವಾಗಿ ನಡೆದಿತ್ತು. ಅವಳ ಪಾಸ್‌ಪೋರ್ಟಿಗೆ ಅರ್ಜಿ ತುಂಬಿದವಳು ನಾನೇ. ಮನೆತನದ ಹೆಸರು ಕೇಳುವ ಜಾಗವನ್ನು ಖಾಲಿ ಬಿಟ್ಟೆ. ಹಾಗೆ ಬಿಡುವುದಕ್ಕೆ ಅವಕಾಶವಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಆಮೇಲೆ.

ನಾನು ಹೊಸದುರ್ಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಹುಟ್ಟಿದ್ದು ಹೊಳಲ್ಕೆರೆ ಕಡೆ. ಆರು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅವಳ ತಂಗಿ, ಅಂದರೆ ಈ ಚಿಕ್ಕಮ್ಮ, ಆಗಿನ್ನೂ ಮದುವೆಯಾದ ಹೊಸದು, ಬಂದು ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿರಿಯೂರು ತಾಲ್ಲೂಕಿನ ತನ್ನ ಹಳ್ಳಿಗೆ ಕರೆದುಕೊಂಡು ಹೋದಳು. ಆರು ವರ್ಷದ ಹುಡುಗಿಯನ್ನು ಎತ್ತಿಕೊಳ್ಳುವ ಅಗತ್ಯವಿರಲಿಲ್ಲ, ನಾನು ನಡೆಯುತ್ತಿದ್ದೆ. ಆದರೂ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ಅವಳು ನನ್ನನ್ನು ಕೆಳಗಿಳಿಸಲಿಲ್ಲ.

ಎರಡು ವರ್ಷದ ನಂತರ ಚಿಕ್ಕಮ್ಮನಿಗೆ ಹೆಣ್ಣು ಮಗುವಾಯಿತು. ಆ ಬಾಣಂತನ ನನಗೆ ಚೆನ್ನಾಗಿ ನೆನಪಿದೆ. ಬಚ್ಚಲಲ್ಲಿ ಹಂಡೆಯ ತುಂಬ ನೀರು ಕುದಿಯುತ್ತಿತ್ತು. ಅವಳ ತಾಯಿ, ನನ್ನ ಅಜ್ಜಿ, ಎರಡೂ ಕಾಲು ನೀಡಿ ಕುಳಿತು ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಸ್ನಾನವಾದ ಮೇಲೆ ಮಗುವಿಗೆ ಕೆಂಡದ ಮೇಲೆ ಓಮದ ಹೊಗೆ ಹಿಡಿಯುತ್ತಿದ್ದರು. ಹೊಗೆಯಲ್ಲಿ ನನ್ನ ಕಣ್ಣೂ ಉರಿಯುತ್ತಿತ್ತು, ಆದರೂ ನಾನು ಅಲ್ಲಿಂದ ಏಳುತ್ತಿರಲಿಲ್ಲ. ತೊಟ್ಟಿಲು ತೂಗುವ ಕೆಲಸ ನನ್ನದಾಗಿತ್ತು. ಆ ತೊಟ್ಟಿಲಲ್ಲಿದ್ದವಳು ನನ್ನ ತಂಗಿ. ನಾವಿಬ್ಬರೂ ಒಂದೇ ಕಂಬಳಿಯೊಳಗೆ ಮಲಗಿ ಬೆಳೆದೆವು.

ತಂಗಿ ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿದಳು. ಅಲ್ಲೇ ಎರಡು ವರ್ಷ ಕೆಲಸ ಮಾಡಿ, ಕೊಲ್ಲಿಯ ಒಂದು ದೇಶದ ಆಸ್ಪತ್ರೆಗೆ ಹೋದಳು. ಅಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡುವ ದಾವಣಗೆರೆ ಕಡೆಯ ಹುಡುಗನನ್ನು ಮೆಚ್ಚಿದಳು. ಊರಿಗೆ ಬಂದು ಮದುವೆಯಾಗಿ ಇಬ್ಬರೂ ವಾಪಸು ಹೋದರು. ಮೊದಲನೆಯ ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ಐದು ತಿಂಗಳು ತುಂಬಿದ ಮೇಲೆ, ನಾನು ಹಳ್ಳಿಗೆ ಹೋಗಿದ್ದ ಒಂದು ಭಾನುವಾರ, ಫೋನ್ ಮಾಡಿದಳು.

"ಅಕ್ಕ, ಡಾಕ್ಟ್ರು ವಿಮಾನ ಹತ್ತಬೇಡ ಅಂದವ್ರೆ. ನಾನು ಬರಂಗಿಲ್ಲ. ಅವ್ವನ್ನ ಇಲ್ಲಿಗೆ ಕಳಿಸ್ತೀಯಾ?"

ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಕುರಿಮರಿಗಳನ್ನು ಕೂಡುವ ಹಕ್ಕೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಚಿತ್ರದುರ್ಗದಾಚೆ ಅವಳು ಹೋದದ್ದು ಒಂದೋ ಎರಡೋ ಸಲ.

"ಯಾವಾಗ ಹೊರಡಬೇಕಂತೆ ಕೇಳು," ಅಂದಳು.

ಹೀಗೆ ಕಾಗದ ಪತ್ರದ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ಓದಿದವಳು ನಾನು. ದಾವಣಗೆರೆಯ ಪಾಸ್‌ಪೋರ್ಟ್ ಕಚೇರಿಗೆ ಕರೆದುಕೊಂಡು ಹೋಗಿ ಅವಳ ಬೆರಳಚ್ಚು ಕೊಡಿಸಿಕೊಂಡು ಬಂದೆ. ಪಾಸ್‌ಪೋರ್ಟ್ ಮನೆಗೆ ಬಂದ ದಿನ ಚಿಕ್ಕಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋದಳು. "ಅದರ ಮೇಲೆ ಏನೂ ಹಚ್ಚಬಾರದು ಚಿಕ್ಕಮ್ಮ," ಅಂತ ಕಿತ್ತುಕೊಂಡೆ. ತಂಗಿಯ ಗಂಡ ಅಲ್ಲಿಂದ ವೀಸಾ ಕಳಿಸಿದ. ಉಳಿದದ್ದು ಟಿಕೆಟ್ ಒಂದೇ.

ಟಿಕೆಟ್ ತೆಗೆಯುವಾಗ ಮೊದಲ ಅನುಮಾನ ಹುಟ್ಟಿತು. ಕಂಪ್ಯೂಟರಿನಲ್ಲಿ ಎರಡು ಹೆಸರು ಕೇಳುತ್ತಿತ್ತು. ಎರಡನೆಯದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ.

"ಚಿಕ್ಕಮ್ಮ, ಇನ್ನೊಂದು ಹೆಸರು ಬೇಕಂತೆ."

"ಯಾರಿಗೆ?"

"ನಿನಗೇ."

ಅವಳು ನಕ್ಕಳು. "ಇಷ್ಟು ವರ್ಷ ಒಂದರಲ್ಲೇ ಕರೆದವ್ರೆ, ನಾನು ಓ ಅಂದಿದೀನಿ. ಇನ್ನೊಂದಿಟ್ರೆ ಯಾವುದಕ್ಕೆ ಓ ಅನ್ನಲಿ?"

ನಾನೂ ನಕ್ಕೆ. ಆದರೂ ಮನಸ್ಸಿಗೆ ಸಮಾಧಾನವಾಗದೆ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಪ್ರಯಾಣದ ಕಾಗದ ಪತ್ರಗಳ ಬಗ್ಗೆಯೇ ಬರೆಯುವ ಒಂದು ತಾಣ ಸಿಕ್ಕಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಟಿಕೆಟ್ಟಿನಲ್ಲಿ ಅದೇ ಹೆಸರನ್ನು ಎರಡು ಸಲ ಬರೆಯಿರಿ, ಆ ದೇಶಕ್ಕೆ ಹೋಗಲು ಬೇರೆ ಯಾವ ತೊಂದರೆಯೂ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನಾನು ಅದನ್ನು ಯಾಕೆ ನಂಬಿದೆ ಅಂತ ಆಮೇಲೆ ಎಷ್ಟೋ ದಿನ ಯೋಚಿಸಿದ್ದೇನೆ. ಇಪ್ಪತ್ತು ವರ್ಷದಿಂದ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿರುವವಳು ನಾನು. ಆ ಪುಟದ ಇಂಗ್ಲಿಷಿನಲ್ಲಿ ಒಂದು ಕಾಗುಣಿತ ತಪ್ಪಿರಲಿಲ್ಲ. ಒಂದು ಅಲ್ಪವಿರಾಮ ಕೂಡ ಜಾಗ ತಪ್ಪಿರಲಿಲ್ಲ. ಮೇಲ್ಗಡೆ ಆ ತಿಂಗಳ ಹೆಸರು ಹಾಕಿ, ಪರಿಷ್ಕರಿಸಲಾಗಿದೆ ಎಂದು ಬರೆದಿತ್ತು. ಇನ್ನೊಂದು ಕಾರಣವೂ ಇತ್ತು. ಅದೇ ಪುಟದ ಕೆಳಗೆ ಆ ದೇಶಕ್ಕೆ ಗಸಗಸೆ ಒಯ್ಯಬಾರದು, ಸಿಕ್ಕಿದರೆ ದೊಡ್ಡ ಅಪರಾಧ ಅಂತ ಇತ್ತು. ತಂಗಿಯನ್ನು ಕೇಳಿದೆ. "ಹೌದಕ್ಕ, ಒಂದು ಕಾಳೂ ತರಬಾರ್ದು," ಅಂದಳು. ಬಾಣಂತಿಗೆ ಅಂತ ಕಟ್ಟಿಟ್ಟಿದ್ದ ಗಸಗಸೆಯನ್ನು ಚಿಕ್ಕಮ್ಮನ ಚೀಲದಿಂದ ತೆಗೆಸಿದೆ. ಇಷ್ಟು ಸಣ್ಣ ವಿಷಯವನ್ನು ಸರಿಯಾಗಿ ಹೇಳಿದವರು ಅಷ್ಟು ದೊಡ್ಡ ವಿಷಯವನ್ನು ತಪ್ಪು ಹೇಳುತ್ತಾರೆಯೇ ಅಂದುಕೊಂಡೆ. ಹೆಸರಿನ ವಿಷಯವನ್ನು ತಂಗಿಯನ್ನು ಕೇಳಲಿಲ್ಲ. ವಿಮಾನದ ಕಂಪನಿಗೆ ಫೋನ್ ಮಾಡಲಿಲ್ಲ. ಟಿಕೆಟ್ಟಿನಲ್ಲಿ ಚಿಕ್ಕಮ್ಮನ ಹೆಸರು, ದೂರದಲ್ಲಿರುವವರನ್ನು ಕೂಗಿ ಕರೆದ ಹಾಗೆ, ಎರಡು ಸಲ ಬಂತು.

ಚಿಕ್ಕಮ್ಮ ಒಂದು ತಿಂಗಳಿಂದ ಸಿದ್ಧವಾಗುತ್ತಿದ್ದಳು. ಹಳೆಯ ಹತ್ತಿ ಸೀರೆಗಳನ್ನು ಒಗೆದು, ಬಿಸಿಲಿಗೆ ಹಾಕಿ, ಮಗುವಿನ ಬಟ್ಟೆಗೆ ಚೌಕ ಚೌಕವಾಗಿ ಹರಿದಿಟ್ಟಳು. ಹಿರಿಯೂರಿನ ಸಂತೆಯಿಂದ ಕೊಬ್ಬರಿ ತಂದು, ಅಂಟಿನ ಉಂಡೆ ಕಟ್ಟಿದಳು. ಶುಂಠಿ, ಮೆಣಸು, ಓಮ ಹುರಿದು ಪುಡಿ ಮಾಡಿದಳು. ಚಿಕ್ಕಪ್ಪ ಆಗ ಮಂದೆ ತೆಗೆದುಕೊಂಡು ಭೀಮಸಮುದ್ರದ ತೋಟಗಳಲ್ಲಿದ್ದ. ಕುರಿಗೊಬ್ಬರ ಬೇಕಾದವರು ತಮ್ಮ ತೋಟದಲ್ಲಿ ನಾಲ್ಕು ದಿನ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಹೆಂಡತಿಯನ್ನು ಕಳಿಸಿಕೊಡುವುದಕ್ಕಾಗಿ ಅವನು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಸ್ಸಿನಲ್ಲಿ ಬಂದ. ಮಗುವಿಗೆ ಅಂತ ಎಳೆ ಕುರಿಯ ಉಣ್ಣೆಯಲ್ಲಿ ನೇಯಿಸಿದ ಒಂದು ಸಣ್ಣ ಕಂಬಳಿ ತಂದಿದ್ದ. ಮಾತು ಕಡಿಮೆಯ ಮನುಷ್ಯ. ಕಂಬಳಿಯನ್ನು ಅವಳ ಕೈಗೆ ಕೊಟ್ಟು, "ಚುಚ್ಚಂಗಿಲ್ಲ, ಮುಟ್ಟಿ ನೋಡು," ಎಂದಷ್ಟೇ ಹೇಳಿದ.

ಬೆಳಗಿನ ಬಸ್ಸಿಗೆ ನಾವಿಬ್ಬರೂ ಹಿರಿಯೂರಿನಿಂದ ಹೊರಟೆವು. ಹೆದ್ದಾರಿಯುದ್ದಕ್ಕೂ ಚಿಕ್ಕಮ್ಮ ಒಂದೇ ಸಮನೆ ಮಾತಾಡಿದಳು. ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಎಳೆ ಮಗುವಿನ ತಲೆ ಹೇಗೆ ಹಿಡಿಯಬೇಕು, ಬಾಣಂತಿ ತಣ್ಣೀರು ಯಾಕೆ ಮುಟ್ಟಬಾರದು, ನನ್ನ ತಂಗಿ ಹುಟ್ಟಿದಾಗ ಎಷ್ಟು ಕೂದಲಿತ್ತು. "ನಿನ್ನ ತಂಗಿ ನರ್ಸಮ್ಮ ಇರಬೋದು, ಸಾವಿರ ಮಕ್ಕಳ್ನ ಎತ್ತಿರಬೋದು. ತನ್ನ ಮಗೂನ ಎತ್ತೋಕೆ ಅವಳಿಗೂ ಕೈ ನಡುಗ್ತದೆ ನೋಡು," ಅಂದಳು.

ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರನ್ನು ಒಳಗೆ ಬಿಡಲಿಲ್ಲ. ಅದೇ ವಿಮಾನಕ್ಕೆ ಹೊರಟಿದ್ದ ಒಬ್ಬ ಕನ್ನಡದ ಹೆಂಗಸು ಸಿಕ್ಕಿದರು. "ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅಮ್ಮ," ಎಂದು ಚಿಕ್ಕಮ್ಮನ ಕೈ ಹಿಡಿದರು. ನಾನು ಗಾಜಿನಾಚೆ ನಿಂತೆ. ಚಿಕ್ಕಮ್ಮ ಒಳಗೆ ಹೋಗಿ ಒಮ್ಮೆ ತಿರುಗಿ ನೋಡಿದಳು. ಕೈ ಬೀಸುವುದು ಅವಳಿಗೆ ಅಭ್ಯಾಸವಿಲ್ಲ. ಸೆರಗನ್ನು ಸರಿಮಾಡಿಕೊಂಡಳು, ಅಷ್ಟೇ.

ಮುಕ್ಕಾಲು ಗಂಟೆಯ ನಂತರ ಅವಳ ಫೋನಿನಿಂದ ಕರೆ ಬಂತು. ಮಾತಾಡಿದ್ದು ವಿಮಾನ ಕಂಪನಿಯ ಕೌಂಟರಿನ ಹುಡುಗಿ.

"ಮೇಡಂ, ಇವರ ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದೆ. ಭೇಟಿ ವೀಸಾದಲ್ಲಿ ಹೋಗೋರಿಗೆ ಎರಡು ಹೆಸರು ಇರಲೇಬೇಕು, ಆ ದೇಶದ ನಿಯಮ ಅದು. ನಾವು ಹತ್ತಿಸಿಕೊಂಡ್ರೂ ಅಲ್ಲಿಂದ ವಾಪಸ್ ಕಳಿಸ್ತಾರೆ."

"ಇಲ್ಲಮ್ಮ, ನಾನು ನೋಡಿದೀನಿ. ತೊಂದರೆ ಇಲ್ಲ ಅಂತ ಬರೆದಿದೆ. ಈ ತಿಂಗಳೇ ಬರೆದಿರೋದು."

"ಯಾರು ಬರೆದಿರೋದು ಮೇಡಂ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನಾನು ಅಲ್ಲೇ ನಿಂತು ಫೋನಿನಲ್ಲಿ ಆ ಪುಟವನ್ನು ತೆಗೆದು ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. ಬರೆದವರ ಹೆಸರಿರಲಿಲ್ಲ. ಯಾವ ಕಚೇರಿಯ ಮಾತನ್ನು ಆಧರಿಸಿ ಬರೆದದ್ದು ಅಂತಲೂ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇಲ್ಲಿನ ಮಾಹಿತಿಗೆ ನಾವು ಹೊಣೆಯಲ್ಲ ಎಂದು ಬರೆದಿತ್ತು.

ಆ ಹುಡುಗಿ ಒಳ್ಳೆಯವಳು. ಮೇಲಿನವರನ್ನು ಕೇಳಿ ಬಂದಳು, ಇನ್ನೊಂದು ಸಲ ಕಂಪ್ಯೂಟರ್ ನೋಡಿದಳು. ಕಡೆಗೆ ಚಿಕ್ಕಮ್ಮನನ್ನು ಅವಳೇ ಬಾಗಿಲ ತನಕ ತಂದು ಬಿಟ್ಟಳು. ಸಾಮಾನಿನ ಗಾಡಿಯನ್ನು ತಳ್ಳಿಕೊಂಡು ಚಿಕ್ಕಮ್ಮ ಹೊರಗೆ ಬಂದಳು. ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ.

"ಏನಂತೆ? ನಾಳೆ ಬರಬೇಕಂತಾ?"

"ಇಲ್ಲ ಚಿಕ್ಕಮ್ಮ. ಪಾಸ್‌ಪೋರ್ಟ್ ಬದಲಾಯಿಸಬೇಕಂತೆ. ಎರಡು ಹೆಸರು ಹಾಕಿಸಿ."

"ಎಷ್ಟು ದಿನ ಆಗ್ತದೆ?"

"ಆಧಾರಿಂದ ಶುರು ಮಾಡಬೇಕು. ಎರಡು ಮೂರು ತಿಂಗಳಾದ್ರೂ ಆಗ್ತದೆ."

ತಂಗಿಗೆ ದಿನ ತುಂಬಲು ಹದಿನೈದು ದಿನವಷ್ಟೇ ಉಳಿದಿತ್ತು. ಚಿಕ್ಕಮ್ಮ ಗಾಡಿಯ ಮೇಲಿದ್ದ ಚೀಲವನ್ನು ಕೆಳಗಿಳಿಸಿ ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ತಂಗಿಗೆ ಫೋನ್ ಮಾಡುವ ಧೈರ್ಯ ನನಗಿರಲಿಲ್ಲ. ಚಿಕ್ಕಮ್ಮನೇ ಮಾಡಿಸಿದಳು. "ಇವತ್ತು ಬರಕ್ಕಾಗಲಿಲ್ಲ ಮಗಳೆ. ಕಾಗದದಾಗೆ ಏನೋ ಕಮ್ಮಿ ಐತಂತೆ. ನೀನು ಅಳಬ್ಯಾಡ, ಬಸುರಿ ಅಳಬಾರ್ದು," ಅಂದಳು. ಅದನ್ನು ಹೇಳುವಾಗ ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಗು ಹುಟ್ಟಿದ್ದು ಒಂದು ಮಂಗಳವಾರ, ನಾನು ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ. ಹೆಣ್ಣು ಮಗು. ಆ ಶನಿವಾರ ಶಾಲೆ ಮುಗಿದ ಕೂಡಲೇ ಹಿರಿಯೂರಿನ ಬಸ್ಸು ಹತ್ತಿ ಹಳ್ಳಿಗೆ ಹೋದೆ. ಅಲ್ಲಿ ಹೊಸ ದಿನಚರಿಯೊಂದು ಶುರುವಾಗಿತ್ತು. ದಿನಾ ಬೆಳಗ್ಗೆ ಚಿಕ್ಕಮ್ಮ ಸ್ನಾನ ಮಾಡಿ, ನಡುಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ, ಎದುರು ಕಾಲು ನೀಡಿ ಕೂರುತ್ತಿದ್ದಳು. ಅತ್ತ ಕಡೆ ತಂಗಿಯ ಜೊತೆ ಕೆಲಸ ಮಾಡುವ ಒಬ್ಬ ಮಲಯಾಳಿ ನರ್ಸ್ ಡ್ಯೂಟಿ ಮುಗಿಸಿ ಬಂದು ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಆಕೆಗೆ ಕನ್ನಡ ಬಾರದು, ಚಿಕ್ಕಮ್ಮನಿಗೆ ಬೇರೇನೂ ಬಾರದು.

"ಕುತ್ತಿಗೆ ಹಿಡಿಯವ್ವ, ಕುತ್ತಿಗೆ. ಹಂಗಲ್ಲ, ಅಂಗೈ ಕೆಳಗಿರಲಿ. ಎಣ್ಣೆ ಇನ್ನೊಂದ್ಚೂರು. ನೆತ್ತಿಗೆ ಹಾಕು, ನೆತ್ತಿ ಕುಡೀಬೇಕು."

ತಂಗಿ ಹಾಸಿಗೆಯ ಮೇಲಿಂದ ಇದನ್ನೆಲ್ಲ ಮಲಯಾಳದಲ್ಲಿ ಹೇಳುತ್ತಿದ್ದಳು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿ, ಮಗು ಅರ್ಧ ಎಣ್ಣೆಯಲ್ಲಿ, ಬಾಯಿ ತೆರೆದು ಅಳುತ್ತಿದ್ದ ಹಾಗೇ ನಿಂತುಬಿಡುತ್ತಿತ್ತು. ಚಿಕ್ಕಮ್ಮನ ನೀಡಿದ ಕಾಲುಗಳ ಮೇಲೆ ಏನೂ ಇರುತ್ತಿರಲಿಲ್ಲ. ಆದರೂ ಚಿತ್ರ ಮತ್ತೆ ಬರುವ ತನಕ ಅವಳು ಕಾಲು ಮಡಚುತ್ತಿರಲಿಲ್ಲ. ಅವಳ ಎರಡೂ ಕೈ ತನಗೇ ತಿಳಿಯದೆ ಮೊಣಕಾಲಿನ ಮೇಲೆ ಎಣ್ಣೆ ತಿಕ್ಕುವ ಹಾಗೆ ಆಡುತ್ತಿದ್ದವು. ನಾನು ಎದ್ದು ಹಿತ್ತಿಲಿಗೆ ಹೋದೆ.

ಕಟ್ಟಿಟ್ಟ ಅಂಟಿನ ಉಂಡೆಗಳನ್ನು ಅವಳು ಯಾರಿಗೂ ಕೊಡಲಿಲ್ಲ. ತಾನೂ ತಿನ್ನಲಿಲ್ಲ. ಕೊಬ್ಬರಿ ಮುಗ್ಗು ವಾಸನೆ ಬಂದ ಮೇಲೆ ಒಂದು ದಿನ ಎಲ್ಲವನ್ನೂ ಕುರಿಗಳಿಗೆ ಹಾಕಿದಳು.

ಎರಡನೆಯ ಹೆಸರನ್ನು ಆರಿಸುವ ದಿನ ಬಂತು. ಗಂಡನ ಹೆಸರನ್ನೂ ಹಾಕಬಹುದು, ಅಪ್ಪನ ಹೆಸರನ್ನೂ ಹಾಕಬಹುದು, ಯಾವುದಕ್ಕೆ ದಾಖಲೆ ಇದೆಯೋ ಅದು. ಚಿಕ್ಕಮ್ಮನ ಹತ್ತಿರ ಎರಡಕ್ಕೂ ಇತ್ತು. ಚಿಕ್ಕಪ್ಪ ಜಗಲಿಯ ಮೇಲೆ ಕುಳಿತು ನೂಲಿನ ಉಂಡೆ ಸುತ್ತುತ್ತಿದ್ದ. ನಾನು ಕೇಳಿದಾಗ ಚಿಕ್ಕಮ್ಮ ಅವನ ಮುಖ ನೋಡಿದಳು.

"ನಿನಗೆ ಯಾವುದು ಬೇಕೋ ಅದು ಹಾಕಿಸ್ಕ," ಅಂದ ಚಿಕ್ಕಪ್ಪ. "ನನ್ನ ಹೆಸರು ಹೆಂಗೂ ನಿನ್ ಜೊತೆ ಎಲ್ಲಾ ಕಡೆ ಐತೆ."

"ಹಂಗಾದ್ರೆ ನಮ್ಮಪ್ಪಂದು ಹಾಕವ್ವ," ಎಂದಳು ಚಿಕ್ಕಮ್ಮ. "ಕುರಿ ಹೊಡ್ಕಂಡು ಊರೂರು ತಿರುಗ್ದ ಪಾಪ. ವಿಮಾನ ಮೇಲೆ ಹೋಗ್ತಿದ್ರೆ ಕುರಿ ಬಿಟ್ಟು ನೋಡ್ತಾ ನಿಂತ್ಕಳ್ಳೋನು. ಅವನೂ ಬರಲಿ."

ನನ್ನ ತಾಯಿಯ ಅಪ್ಪನೂ ಅವನೇ. ಅವನ ಹೆಸರನ್ನು ಬರೆಯುವಾಗ ಒಂದೊಂದು ಅಕ್ಷರವನ್ನೂ ಎರಡೆರಡು ಸಲ ನೋಡಿದೆ. ಆಧಾರಿನಲ್ಲಿ ತಿದ್ದಿಸಿದೆವು, ಪ್ರಮಾಣಪತ್ರ ಮಾಡಿಸಿದೆವು, ಮತ್ತೆ ದಾವಣಗೆರೆಗೆ ಹೋದೆವು. ಈ ಸಲ ಯಾವ ಕಾಗದ ಬೇಕೆಂದು ಮೊದಲು ಕಚೇರಿಯವರನ್ನೇ ಕೇಳಿದೆ. ಅವರು ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಹೌದು ಅನ್ನಿಸಿಕೊಂಡು ಬಂದೆ.

ಇದರ ನಡುವೆ ಆ ತಾಣದವರಿಗೆ ಒಂದು ಪತ್ರ ಬರೆದಿದ್ದೆ. ಸಿಟ್ಟಿನಿಂದ ಬರೆದದ್ದಲ್ಲ. ನಿಮ್ಮ ಪುಟದಲ್ಲಿ ಇಂಥ ಸಾಲು ತಪ್ಪಾಗಿದೆ, ಇದನ್ನು ನಂಬಿ ಒಬ್ಬ ತಾಯಿ ಮಗಳ ಹೆರಿಗೆಗೆ ಹೋಗಲಾಗಲಿಲ್ಲ, ದಯವಿಟ್ಟು ತಿದ್ದಿ ಎಂದು. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಆ ಕ್ಷಣವೇ ಉತ್ತರ ಬಂತು. ಓದಿ ಬರೆದ ಉತ್ತರವಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ತಿಂಗಳು ಕಳೆದ ಮೇಲೆ ಆ ಪುಟವನ್ನು ಮತ್ತೆ ತೆಗೆದೆ. ಮೇಲ್ಗಡೆ ಹೊಸ ತಿಂಗಳ ಹೆಸರು ಬಂದಿತ್ತು, ಪರಿಷ್ಕರಿಸಲಾಗಿದೆ ಅಂತ. ಕೆಳಗೆ ಅದೇ ಸಾಲು, ಅದೇ ತಪ್ಪು. ಅದರ ಮುಂದಿನ ತಿಂಗಳೂ ಹಾಗೇ. ದಿನಾಂಕ ತಾನಾಗಿಯೇ ಬದಲಾಗುತ್ತಿತ್ತು, ಸಾಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ತಿಂಗಳ ಹೆಸರನ್ನು ನೋಡಿ ನಾನು ಯಾರೋ ಒಬ್ಬರು ಕುಳಿತು ಓದಿ ತಿದ್ದಿದ್ದಾರೆ ಅಂದುಕೊಂಡಿದ್ದೆನಲ್ಲ, ಅಲ್ಲಿ ಯಾರೂ ಕುಳಿತಿರಲೇ ಇಲ್ಲ.

ನನ್ನ ಕೈಲಾದ ಒಂದು ಕೆಲಸ ಮಾಡಿದೆ. ಹೊಸದುರ್ಗದ ಗ್ರಂಥಾಲಯದ ಹೊರಗೆ ಒಂದು ಸೂಚನಾ ಫಲಕವಿದೆ. ಗ್ರಂಥಪಾಲಕಿ ನನ್ನ ಗೆಳತಿ. ಅವಳನ್ನು ಕೇಳಿ, ಹೊರದೇಶಕ್ಕೆ ಹೋಗುವವರು ನೋಡಿಕೊಳ್ಳಬೇಕಾದ ಕಾಗದಗಳ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆದು ಅಂಟಿಸಿದೆ. ಪ್ರತಿ ಸಾಲಿನ ಮುಂದೆ ಅದನ್ನು ಯಾವ ಕಚೇರಿಯಿಂದ, ಯಾವ ದಿನ ತಿಳಿದುಕೊಂಡೆ ಎಂದು ಬರೆದೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆದೆ. ಕಡೆಯಲ್ಲಿ ನನ್ನ ಹೆಸರು, ಶಾಲೆ, ಮತ್ತೆ ಒಂದು ಮಾತು: ಹೊರಡುವ ಮುಂಚೆ ನೀವೇ ಇನ್ನೊಮ್ಮೆ ಕೇಳಿರಿ.

ನಾಲ್ಕು ಜನ ಓದಿದರು, ಅವರಿಂದ ಕೇಳಿ ಇನ್ನೂ ಎಂಟು ಜನ ಬಂದರು. ಮಗನನ್ನು ನೋಡಲು ಹೊರಟ ತಾಯಿ, ಯಾತ್ರೆಗೆ ಹೊರಟ ದಂಪತಿ, ಕೆಲಸಕ್ಕೆ ಹೊರಟ ಡ್ರೈವರ್. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಆಗ ಒಂದು ಮಧ್ಯಾಹ್ನ ಭೀಮಸಮುದ್ರದ ಅಡಿಕೆ ವ್ಯಾಪಾರದ ಮನೆಯ ಹಿರಿಯರೊಬ್ಬರು ಶಾಲೆಗೇ ಹುಡುಕಿಕೊಂಡು ಬಂದರು. ಮಗಳ ಮನೆಗೆ ಹೊರಟಿದ್ದವರು. ಸ್ಟಾಫ್ ರೂಮಿನಲ್ಲಿ ಕೂರಿಸಿದೆ.

"ಮೇಡಮ್ಮರೆ, ತಪ್ಪು ತಿಳ್ಕಬ್ಯಾಡ್ರಿ. ನಿಮ್ಮ ಹಾಳೇಲಿ ಒಂದು ತಪ್ಪೈತೆ."

"ಯಾವುದ್ರಿ?"

"ಪಾಸ್‌ಪೋರ್ಟಿನ ಅವಧಿ ಹೊರಡೋ ದಿನದಿಂದ ಆರು ತಿಂಗಳಿರಬೇಕು ಅಂತ ಬರ್ದೀರಿ. ನಾನು ಹೋಗೋ ದೇಶದೋರು ವಾಪಸ್ ಬರೋ ದಿನದಿಂದ ಲೆಕ್ಕ ಹಾಕ್ತಾರಂತೆ. ನಂದು ಒಂದು ತಿಂಗಳು ಕಮ್ಮಿ ಬೀಳ್ತಿತ್ತು."

ಎಲ್ಲ ದೇಶಕ್ಕೂ ಒಂದೇ ನಿಯಮ ಎಂಬಂತೆ ನಾನು ಬರೆದುಬಿಟ್ಟಿದ್ದೆ.

"ನಿಮಗೆ ತೊಂದ್ರೆ ಆಯ್ತಾ?"

"ಇಲ್ರಿ. ನೀವೇ ಬರ್ದಿದ್ರಲ್ಲ, ಹೊರಡೋ ಮುಂಚೆ ಇನ್ನೊಮ್ಮೆ ಕೇಳ್ರಿ ಅಂತ. ಕೇಳ್ದೆ. ಹೇಳಿ ಹೋಗಾಣ ಅಂತ ಬಂದೆ. ಬೇರೆಯೋರು ಯಾರಾದ್ರೂ ಅದನ್ನೇ ನಂಬ್ಕಂಡು ಹೋದಾರು."

ಅವರು ಚಹ ಕುಡಿದು ಹೋದರು. ಕಡೆಯ ಪಿರಿಯಡ್ ಮುಗಿಸಿ ನೇರವಾಗಿ ಗ್ರಂಥಾಲಯಕ್ಕೆ ನಡೆದೆ. ಹೊಸ ಹಾಳೆ ಅಂಟಿಸಬಹುದಿತ್ತು, ಹಳೆಯ ತಪ್ಪು ಯಾರಿಗೂ ಕಾಣುತ್ತಿರಲಿಲ್ಲ. ನಾನು ಹಾಗೆ ಮಾಡಲಿಲ್ಲ. ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಇದು ತಪ್ಪಾಗಿತ್ತು ಎಂದು ಬರೆದು, ಸರಿಯಾದದ್ದನ್ನೂ ಆ ದಿನದ ದಿನಾಂಕವನ್ನೂ ಪಕ್ಕದಲ್ಲಿ ಹಾಕಿದೆ. ಹಳೆಯ ಸಾಲನ್ನು ಓದಿಕೊಂಡು ಹೋದವರಿಗೆ ಅದು ತಪ್ಪು ಅಂತ ಗೊತ್ತಾಗಬೇಕಲ್ಲ. ಮನೆಗೆ ನಡೆದು ಹೋಗುವಾಗ, ಆ ತಾಣದಲ್ಲಿ ಒಂದು ಕಾಲಕ್ಕೆ ಆ ಸಾಲನ್ನು ಬರೆದಿದ್ದ ಯಾರೋ ಒಬ್ಬರ ಬಗ್ಗೆ ಮೊದಲ ಸಲ ಯೋಚಿಸಿದೆ. ಅವರು ಬರೆದ ದಿನ ಅದು ನಿಜವೇ ಆಗಿದ್ದಿರಬಹುದು. ಆಮೇಲೆ ಅವರಿಗೆ ಬಂದು ಹೇಳುವವರು ಸಿಗಲಿಲ್ಲವೋ, ಹೇಳಿದರೂ ಕೇಳುವವರು ಅಲ್ಲಿರಲಿಲ್ಲವೋ.

ಅಂದುಕೊಂಡದ್ದಕ್ಕಿಂತ ತಡವಾಗಿ ಹೊಸ ಪಾಸ್‌ಪೋರ್ಟ್ ಬಂದು, ಹೊಸ ವೀಸಾ ಬಂದು, ಚಿಕ್ಕಮ್ಮ ಕಡೆಗೂ ಹೊರಡುವ ಹೊತ್ತಿಗೆ ಮಗು ಅಂಬೆಗಾಲಿಡುತ್ತಿತ್ತು. ಈ ಸಲ ಗಾಜಿನಾಚೆ ನಾನು ನಿಂತಿದ್ದ ಹೊತ್ತು ಬಹಳ ಉದ್ದವಾಗಿತ್ತು. ಫೋನ್ ಬಂತು.

"ಬಿಟ್ರು ಕಣೆ. ಒಳಗೆ ಬಿಟ್ರು," ಅಂದಳು ಚಿಕ್ಕಮ್ಮ. "ಹೆಸರು ಕೂಗಿದ್ರು. ಎರಡನ್ನೂ ಕೂಗಿದ್ರು. ನಮ್ಮಪ್ಪನ್ನ ಯಾರೋ ಕರ್ದಂಗಾಯ್ತು, ತಿರುಗಿ ನೋಡ್ದೆ."

ಒಂದು ತಿಂಗಳು ಇದ್ದು ಬಂದಳು. ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ನಾನೂ ಚಿಕ್ಕಪ್ಪನೂ ಕಾಯುತ್ತಿದ್ದೆವು. ಅವಳ ಮುಖ ತುಂಬಿಕೊಂಡಿತ್ತು, ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಮನೆಗೆ ಬಂದು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಎಲ್ಲ ಹೇಳಿದಳು. ಮಗು ಮೊದಲ ನಾಲ್ಕು ದಿನ ಇವಳ ಹತ್ತಿರ ಬರಲೇ ಇಲ್ಲವಂತೆ. ಫೋನಿನೊಳಗಿನ ಅಜ್ಜಿ ಅದಕ್ಕೆ ಗೊತ್ತಿತ್ತು, ಎದುರಿಗೆ ನಿಂತ ಅಜ್ಜಿ ಗೊತ್ತಿರಲಿಲ್ಲ. ಇವಳು ಕೈ ಚಾಚಿದರೆ ಅಳುತ್ತಾ ಆ ಮಲಯಾಳಿ ನರ್ಸಿನ ಕಡೆ ಅಂಬೆಗಾಲಲ್ಲೇ ಹೋಗುತ್ತಿತ್ತಂತೆ. ಐದನೆಯ ದಿನ ತಾನಾಗಿ ಬಂದು ಇವಳ ತೊಡೆಯ ಮೇಲೆ ನಿದ್ದೆ ಹೋಯಿತಂತೆ. ಕಾಲು ಜೋಮು ಹಿಡಿದರೂ ಇವಳು ಅಲುಗಾಡಲಿಲ್ಲವಂತೆ.

"ಎಷ್ಟು ಚಂದ ಬೆಳೆಸವ್ಳೆ ಆ ಹುಡುಗಿ," ಅಂದಳು, ಮಲಯಾಳಿ ನರ್ಸಿನ ಬಗ್ಗೆ. "ನಾನು ಅವಳ ಕೈ ಹಿಡ್ಕಂಡು ಅತ್ಬಿಟ್ಟೆ. ಅವಳೂ ಅತ್ಲು. ಯಾಕೆ ಅಂತ ಇಬ್ರೂ ಒಬ್ಬರಿಗೊಬ್ಬರು ಹೇಳಕ್ಕಾಗಲಿಲ್ಲ."

ಆಮೇಲೆ, "ಹೋಗಿ ಬಂದೆ ಕಣೆ. ಎಲ್ಲಾ ನೋಡ್ದೆ. ಆದ್ರೆ ನಾನಿರಬೇಕಾಗಿದ್ದ ಆ ಬಾಣಂತನದ ಮೂರು ತಿಂಗಳು ಅಲ್ಲಿ ಎಲ್ಲೂ ಸಿಗಲಿಲ್ಲ," ಅಂದಳು.

ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದ ಮಾತು ಆಗ ಹೊರಗೆ ಬಂತು. "ತಪ್ಪು ನಂದು ಚಿಕ್ಕಮ್ಮ. ಒಂದು ಫೋನ್ ಮಾಡಿ ಕೇಳಬೇಕಿತ್ತು."

ಅವಳು ನನ್ನನ್ನು ನೋಡಿದಳು. ನಿನ್ನ ತಪ್ಪಲ್ಲ ಬಿಡು ಅನ್ನುತ್ತಾಳೆ ಅಂದುಕೊಂಡೆ.

"ಹೌದು, ಕೇಳಬೇಕಿತ್ತು," ಅಂದಳು. ಆಮೇಲೆ ನನ್ನ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ನಲವತ್ತು ದಾಟಿದ ನಾನು, ಅವಳಿಗಿಂತ ಎತ್ತರ ಬೆಳೆದ ನಾನು, ಬಗ್ಗಿ ಒರಗಿದೆ. ಚಿಕ್ಕಪ್ಪ ಎದ್ದು ಅಂಗಳಕ್ಕೆ ಹೋದ.

ಬರುವ ಬೇಸಿಗೆಯಲ್ಲಿ ತಂಗಿಗೆ ರಜೆ ಸಿಗಬಹುದಂತೆ. ಸಿಕ್ಕರೆ ಮಗುವನ್ನು ಕರೆದುಕೊಂಡು ಬರುತ್ತಾಳೆ. ಚಿಕ್ಕಪ್ಪ ಆಗಲೇ ಒಂದು ಬಿಳಿ ಮರಿಯನ್ನು ಮಂದೆಯಿಂದ ಬೇರೆ ಮಾಡಿ, ಫೋನಿನಲ್ಲಿ ತೋರಿಸಿ, "ಇದು ನಿಂದು," ಅಂದಿದ್ದಾನೆ. ಮಗು ಫೋನಿನ ಗಾಜಿನ ಮೇಲೆ ಬೆರಳಿಟ್ಟು ಮರಿಯನ್ನು ಸವರಿತು. ಚಿಕ್ಕಮ್ಮ ದಿನಾ ಆ ಮರಿಗೆ ಕೈಯಾರೆ ಸೊಪ್ಪು ಹಾಕುತ್ತಾಳೆ. ಬೇಸಿಗೆಗೆ ಇನ್ನೂ ಏಳು ತಿಂಗಳಿದೆ, ಅಷ್ಟರಲ್ಲಿ ಅದು ಮರಿಯಾಗಿ ಉಳಿದಿರುವುದಿಲ್ಲ ಎಂದು ಮೂವರಿಗೂ ಗೊತ್ತು. ಯಾರೂ ಆ ಮಾತು ಎತ್ತುವುದಿಲ್ಲ.